ದಿನವಿಶೇಷದಾಗ ನನ್ನ ಹುಟ್ಟುಹಬ್ಬ

ನನ್ನ ಮೊಮ್ಮಗಳ ಮರಾಠಿ ಸಾಲ್ಯಾಗ ಮುಂಜಾನೆ ಪ್ರಾರ್ಥನಾ ಆದಮ್ಯಾಲೆ ದಿನವಿಶೇಷ ಅಂತ ಇರ್ತದ. ಅವತ್ತಿನ ತಾರೀಖಿಗೆ ಹಿಂದ ಏನೇನು ನಡೆದಿತ್ತು, ಯಾರು ಹುಟ್ಟಿದ್ರು, ಯಾರು ತೀರಿಕೊಂಡ್ರು ಅಂತ ಒಂದು ಕೂಸು ಮುಂದ ಸ್ಟೇಜಿನ ಮ್ಯಾಲೆ ನಿಂತು ಹೇಳಬೇಕು. ಜನವರಿ ಒಂದರ ಪಾಳಿ ನಮ್ಮಾಕಿಗೆ ಬಂತು.

ಮನ್ಯಾಗ ಕನ್ನಡದಾಗ ಗಿಳಿಹಂಗ ಮಾತಾಡೋ ಹುಡುಗಿ, ಸಾಲ್ಯಾಗ ತುಟಿ ಬಿಚ್ಚೂದಿಲ್ಲ. ಮರಾಠಿ ತಪ್ಪಿದ್ರ ನಗ್ತಾರಂತ. ಈ ಸಲ ಅತ್ತು ಕೆಳಗಿಳಿದ್ರ ಇನ್ನ ಯಾವತ್ತೂ ಬಾಯಿ ತಗಿಯೂದಿಲ್ಲ ಅಂತ ಅವರವ್ವನ ಚಿಂತಿ. ಅಜ್ಜಿ ಬಂದ್ರಷ್ಟ ಹೇಳ್ತೀನಿ ಅಂತ ಹುಡುಗಿ ಹಟ ಹಿಡಿದ್ಲು. ಹೋದೆ.

ಹೊಸ ವರ್ಷ ಅಂದ್ಲು. ಸಣ್ಣ ದನಿ. ಇದೇ ದಿನ ನಮ್ಮ ಪುಣೆದಾಗ ಹೆಣ್ಣುಮಕ್ಕಳಿಗೆ ಸಾಲಿ ತೆರೆದ್ರು ಅಂದ್ಲು. ಎರಡನೇ ಕ್ಲಾಸಿಗೇ ಸಾಲಿ ಬಿಟ್ಟ ನನಗ ಮೈ ಜುಂ ಅಂತು. ಬಾಯಿಪಾಠ ಮಾಡಿದ್ದು ಅಲ್ಲಿಗೆ ಮುಗೀತು, ಆದ್ರ ಆಕಿ ಇಳೀಲಿಲ್ಲ. ನನ್ನ ಕಡೆ ನೋಡಿ, ಇವತ್ತು ನಮ್ಮ ಅಜ್ಜಿ ಹುಟ್ಟಿದ ದಿನ ಅಂತ ಮರಾಠಿಯೊಳಗ ಅಂದೇಬಿಟ್ಲು.

ನಾ ಹುಟ್ಟಿದ್ದು ಧಾರವಾಡ ಕಡೆ, ಎಳ್ಳ ಅಮಾಸಿ ಮರುದಿನ ಅಂತ ನಮ್ಮವ್ವ ಹೇಳ್ತಿದ್ಲು. ಯಾವ ವರ್ಷ, ಯಾವ ತಾರೀಖು, ಆ ದೇವರಿಗೇ ಗೊತ್ತು. ಆಧಾರ ಕಾರ್ಡ ಮಾಡಿಸುವಾಗ ಗೊತ್ತಿಲ್ಲರೀ ಅಂದಿದ್ದಕ್ಕ ಜನವರಿ ಒಂದು ಅಂತ ಹಾಕಿದ್ರು. ನಮ್ಮ ಓಣಿಯ ಅರ್ಧ ಮುದುಕರು ಹಂಗ ಒಂದೇ ದಿನ ಹುಟ್ಟಿದವರು! ಕೂಸು ಅದನ್ನ ಖರೆ ಅಂತ ನಂಬ್ಯಾದ.

ಬಾಯಿಯವರು, ಅಂದ್ರ ಟೀಚರು, ಎಲ್ಲಾರ ಮುಂದ ನನ್ನ ಕೇಳಿದ್ರು: ಆಜಿ, ಖರೇನ ಇವತ್ತೇನು? ಅಲ್ಲ ಅಂದ್ರ ನನ್ನ ಕೂಸು ಸುಳ್ಳಿ ಆಗ್ತದ. ಆಕಿ ರೆಪ್ಪಿ ಬಡೀದ ನೋಡಾಕತ್ತಿದ್ಲು. ನನ್ನ ಮರಾಠಿ ಮಾರ್ಕೆಟ್ ಯಾರ್ಡಿನ್ಯಾಗ ಉಳ್ಳಾಗಡ್ಡಿ ಆರಿಸ್ತಾ ಕಲಿತದ್ದು.

"ಹೋ ಬಾಯಿ, ಆಜಚ್" ಅಂದೆ. ಹೌದು, ಇವತ್ತ.

ಎಷ್ಟು ವರ್ಷ ಆತು ಅಂತ ಮತ್ತ ಕೇಳಿದ್ರು. ನಾ ತಡವರಿಸೂದ್ರಾಗ ಮೊಮ್ಮಗಳೇ ಶುರು ಮಾಡಿದ್ಲು. ಅಜ್ಜಿ ವರ್ಷ ಯಾರಿಗೂ ಗೊತ್ತಿಲ್ಲ, ಅಜ್ಜಿ ಸಜ್ಜಿ ರೊಟ್ಟಿ ಬಡೀತಾಳ, ಅಜ್ಜಿ ಗೊರಕಿ ಹೊಡೀತಾಳ... ಮರಾಠಿ ಎಲ್ಲೆಲ್ಲೋ ತಪ್ಪತಿತ್ತು. ಹುಡುಗರು ನಕ್ರು, ಆಕಿನೂ ನಕ್ಲು, ಮತ್ತ ಮುಂದುವರಿಸಿದ್ಲು.

ಕಡೀಕ ಬಾಯಿಯವರೇ ಆಕಿ ಕೈ ಹಿಡಿದು, ಸಾಕವ್ವಾ, ಇನ್ನ ಕ್ಲಾಸಿಗೆ ನಡಿ ಅನ್ನಬೇಕಾತು.