ಶಾಲೆಯ ಚರಿತ್ರೆಗೆ ಸೇರದ ಒಂದು ಸಾಲು

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಮೂಡಿಗೆರೆ ಹತ್ತಿರದ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಓದುತ್ತಿದ್ದೆ. ಅಕ್ಕನೂ ಅಲ್ಲೇ ಇದ್ದಳು. ಅಪ್ಪ ಬಣಕಲ್ ಕಡೆಯ ಕಾಫಿ ತೋಟವೊಂದರಲ್ಲಿ ಮೇಸ್ತ್ರಿ.

ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ವಾರ್ಷಿಕೋತ್ಸವದ ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ಹಳೆಯ ನೋಟುಪುಸ್ತಕ ಹಿಡಿದು ಶಾಲೆಯ ಚರಿತ್ರೆ ಓದಬೇಕು. ದೊಡ್ಡ ಎಸ್ಟೇಟಿನ ಅಮ್ಮಾವ್ರು ಜಾಗ ಕೊಟ್ಟದ್ದು, ಕಲ್ಲಿನ ಕಟ್ಟಡ ಎದ್ದದ್ದು, ಹನ್ನೊಂದು ಹುಡುಗಿಯರಿಂದ ಶಾಲೆ ಶುರುವಾದದ್ದು. ವರ್ಷ ವರ್ಷವೂ ಅದೇ ಮಾತು. ಆ ವರ್ಷದ ಸರದಿ ನನ್ನದು.

ಆ ಕಟ್ಟಡಕ್ಕೆ ಕಲ್ಲು ಹೊತ್ತವರಲ್ಲಿ ನನ್ನ ಅಜ್ಜಿಯೂ ಒಬ್ಬಳು. ಅವಳ ನೆತ್ತಿಯ ನಡುವೆ ಕೂದಲೇ ಇರಲಿಲ್ಲ. ಎಣ್ಣೆ ಹಚ್ಚುವಾಗ ಕೈಗೆ ನುಣ್ಣಗೆ ತಾಗುತ್ತಿತ್ತು. ಪುಸ್ತಕದಲ್ಲಿ ಅಂಥವರ ಸುದ್ದಿಯೇ ಇಲ್ಲ. ನಾನು ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದೆ: 'ತೋಟದ ಹೆಂಗಸರು ಹಳ್ಳದಿಂದ ಕಲ್ಲು ಹೊತ್ತು ತಂದರು, ಅವರಲ್ಲಿ ನನ್ನ ಅಜ್ಜಿಯೂ ಇದ್ದಳು.'

ವಾರ್ಡನ್ ಮೇಡಂ ಅದನ್ನು ರಬ್ಬರಿನಿಂದ ಉಜ್ಜಿ ಅಳಿಸಿದರು. "ಇದ್ದದ್ದು ಇದ್ದ ಹಾಗೆ ಓದು, ಸಾಕು."

"ಇದೂ ಇದ್ದದ್ದೇ ಅಲ್ವಾ ಮೇಡಂ?"

"ಎದುರುತ್ತರ ಬೇಡ."

ಅಕ್ಕನೂ ಗದರಿದಳು. "ಸುಮ್ನಿರು ಮಾರಾಯ್ತಿ, ಇಬ್ರನ್ನೂ ಮನೆಗೆ ಕಳ್ಸಿದ್ರೆ ಏನ್ ಮಾಡೋದು?"

ವಾರ್ಷಿಕೋತ್ಸವಕ್ಕೆ ಅಪ್ಪ ಅಜ್ಜಿಯನ್ನು ಬಸ್ಸಿನಲ್ಲಿ ಕರೆತಂದರು. ಮಡಿಕೆ ಬಿಡದ ಹೊಸ ಸೀರೆಯಲ್ಲಿ ಅವಳು ಕೊನೆಯ ಸಾಲಿನಲ್ಲಿ ಕೂತಿದ್ದಳು. ಗಂಜಿ ಹಾಕಿದ ಯೂನಿಫಾರ್ಮಿನೊಳಗೆ ನನ್ನ ಬೆನ್ನು ಬೆವೆತಿತ್ತು. ಕಟ್ಟಡದ ಮಾತು ಬಂದಾಗ ತಲೆಯೆತ್ತಿ, ಬಾಯಿಪಾಠವಾಗಿದ್ದ ಆ ಸಾಲನ್ನು ಶುರುಮಾಡಿಯೇಬಿಟ್ಟೆ. 'ತೋಟದ ಹೆಂಗಸರು' ಎನ್ನುವಷ್ಟರಲ್ಲಿ ಮೇಡಂ ಮೈಕ್ ಆರಿಸಿದರು. ಗಂಟಲು ಹರಿಯುವಂತೆ ಕೂಗಿದೆ. ಪುಟ್ಟ ಮಕ್ಕಳ ಗಲಾಟೆಯಲ್ಲಿ ನನ್ನ ದನಿ ಎದುರು ಕೂತವರ ಮೊದಲ ಸಾಲನ್ನೂ ದಾಟಲಿಲ್ಲ. ಉಳಿದದ್ದನ್ನು ಓದದೆ ಕೆಳಗಿಳಿದೆ.

"ನಡುವೆ ಏನೋ ಹೇಳ್ದೆ, ಕೇಳ್ಲೇ ಇಲ್ಲ ಮಗಾ," ಎಂದಳು ಅಜ್ಜಿ. ಹೇಳಲು ಬಾಯಿ ತೆರೆದರೆ ಅಳುವೇ ಬಂತು. ಮನೆ ನೆನಪಾಗಿದೆ ಎಂದುಕೊಂಡು ಅವಳು ಬೆನ್ನು ಸವರಿ, ಕೈಗೊಂದು ಕಿತ್ತಳೆ ಹಣ್ಣು ಇಟ್ಟಳು.

ನಮ್ಮನ್ನು ಮನೆಗೇನೂ ಕಳಿಸಲಿಲ್ಲ. ಆದರೆ ಮರುವರ್ಷದಿಂದ ಚರಿತ್ರೆಯನ್ನು ಮೇಡಂ ತಾವೇ ಓದತೊಡಗಿದರು. ರಜೆಯಲ್ಲಿ ಅಜ್ಜಿಗೆ ಎಲ್ಲ ಹೇಳಿದೆ. "ಅಷ್ಟಕ್ಕೆ ಜಗಳ ಮಾಡ್ಕಂಡ್ಯಾ? ಕಲ್ಲು ಹೊತ್ತಿದ್ದು ಕೂಲಿಗೆ ಕಣೇ!" ಎಂದು ನಕ್ಕುಬಿಟ್ಟಳು. ಮೇಡಂ ಮೇಲಿನ ಸಿಟ್ಟಿಗಿಂತ ಆ ನಗುವಿನ ಮೇಲಿನ ಸಿಟ್ಟೇ ನನಗೆ ಹೆಚ್ಚಾಯಿತು.

ನಿಮ್ಮ ಶಾಲೆಯಲ್ಲಿ ನೀವು ಬರೆದದ್ದನ್ನು ನೀವೇ ಓದುತ್ತೀರಿ. ಟೀಚರು ಚಪ್ಪಾಳೆ ತಟ್ಟುತ್ತಾರೆ, ನಿಮ್ಮಪ್ಪ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಕಳಿಸುತ್ತಾನೆ. ಮೊನ್ನೆ ಅದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು. ನಿಜ ಹೇಳಲಾ? ಹೊಟ್ಟೆಕಿಚ್ಚಾಯಿತು.