ಬಸವನಹುಳುವಿನ ಲೋಳೆಯೂ ನಾದಿನಿಯ ಕೈಗುಣವೂ

ಒಂದೇ ಮನೆಯ ಇಬ್ಬರು ಒಂದೇ ಕಡೆ ಕೆಲಸಕ್ಕಿರಬಾರದು ಎಂದು ಕೋಶದಮ್ಮ ಗಂಡನಿಗೆ ಮೊದಲೇ ಹೇಳಿದ್ದಳು. ಅವನು ನಕ್ಕು, ನನ್ನ ತಂಗಿ ನಿನಗೆ ಜೊತೆಯಾಗುತ್ತಾಳೆ ಬಿಡು ಎಂದಿದ್ದ. ಜೊತೆಯೇನೋ ಆದಳು, ನೆಮ್ಮದಿ ಹೋಯಿತು.

ಏಡಿ ಚಿಪ್ಪಿನ ಬೂದಿ, ಒಣಗಿಸಿದ ಕಪ್ಪೆಯ ಚರ್ಮ, ಬಸವನಹುಳುವಿನ ಲೋಳೆ, ಹೀಗೆ ಹಳೆಯ ನಾಟಿ ಔಷಧಿಗಳನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವುದು ಅವರ ಲ್ಯಾಬಿನ ಕೆಲಸ. ಆ ಕೋಶಗಳನ್ನು ಸಾಕುವವಳು ಕೋಶದಮ್ಮ. ಚಪ್ಪಟೆ ಬಾಟಲಿಯ ತಳಕ್ಕೆ ಅಂಟಿಕೊಂಡು ಬೆಳೆಯುವ ಅವಕ್ಕೆ ಹೊತ್ತುಹೊತ್ತಿಗೆ ಗುಲಾಬಿ ಬಣ್ಣದ ದ್ರವ ಉಣಿಸಿ, ಮೈಬಿಸಿಯಷ್ಟೇ ಬೆಚ್ಚಗಿಡಬೇಕು. ಬಾಣಂತನ ಮುಗಿಸಿ ಬಂದ ದಿನ, ಮನೆಯಲ್ಲೂ ಬಾಟಲಿ ಇಲ್ಲೂ ಬಾಟಲಿ ಎಂದು ನಗಾಡಿದ್ದಳು. ಕೋಶದಮ್ಮ ಎಂಬ ಅಡ್ಡಹೆಸರು ಆಗ ಬಂದದ್ದು. ಅವಳಿಗೆ ಅದು ಒಡವೆಯಿದ್ದ ಹಾಗೆ.

ಲೋಳೆಯ ಸರದಿ ಬಂತು. ಕೋಶದಮ್ಮ ಹಾಕಿದಾಗ ಕೋಶಗಳು ಕ್ಯಾರೇ ಅನ್ನಲಿಲ್ಲ, ಇನ್ನಷ್ಟು ಹಬ್ಬಿದವು. ಖಾತ್ರಿಗೆಂದು ಅದೇ ಡಬ್ಬಿಯ ಲೋಳೆಯನ್ನು ನಾದಿನಿ ಹಾಕಿದಳು. ಅರ್ಧಕ್ಕರ್ಧ ಸತ್ತು ತೇಲಿದವು.

ಲ್ಯಾಬಿನ ದೊಡ್ಡ ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ, "ನಾಟಿ ವೈದ್ಯರಿಗೆ ಕೈಗುಣ ಅಂತಾರಲ್ಲ, ಅದು ನಿನ್ನ ನಾದಿನಿಗಿದೆ ಕಣಮ್ಮ" ಎಂದರು.

ತಮಾಷೆಯ ಮಾತು. ಆದರೆ ಲ್ಯಾಬೆಲ್ಲ ಅದನ್ನೇ ಹಿಡಿದುಕೊಂಡಿತು. ಮನೆಯಲ್ಲಿ ಅತ್ತೆ, ಆ ಕೈಗುಣ ತಮ್ಮ ತವರಿನಿಂದ ಬಂದದ್ದೆಂದು ನೆರೆಮನೆಗೂ ಹೇಳಿ ಬಂದರು. ಕೋಶದಮ್ಮನ ತುತ್ತಿಗೆ ಮುಖ ತಿರುಗಿಸುವ ಮಗು ಸೋದರತ್ತೆಯ ತುತ್ತಿಗೆ ಹಕ್ಕಿಮರಿಯಂತೆ ಬಾಯಿ ತೆರೆಯುತ್ತಿತ್ತು. ಅದನ್ನು ಕಂಡ ಕೋಶದಮ್ಮ ಮಗುವಿನ ಬಾಯನ್ನು ಸ್ವಲ್ಪ ಒರಟಾಗಿಯೇ ಒರೆಸಿದಳು. ಆಮೇಲೆ ಪಾಪ ಅನ್ನಿಸಿ ಒರೆಸಿದಲ್ಲೇ ಮುತ್ತಿಟ್ಟಳು.

ಫಲಿತಾಂಶ ಹೊರಗೆ ಹೋಗುವ ಮೊದಲು ಇಬ್ಬರೂ ಪಕ್ಕಪಕ್ಕ ಕೂತು ಇನ್ನೊಮ್ಮೆ ಮಾಡಿ ಎಂದರು ಮೇಡಂ. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು. ನಾದಿನಿ ಎಲ್ಲಾದರೂ ತಪ್ಪಿಯೇ ತಪ್ಪುತ್ತಾಳೆ, ಹಿಡಿದು ತೋರಿಸಿ ಕೋಶದಮ್ಮ ಯಾರೆಂದು ನೆನಪಿಸುತ್ತೇನೆ ಎಂದು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು.

ನಾದಿನಿ ದ್ರವ ಹೀರುವ ಪಿಪೆಟ್ಟಿನ ತುದಿಯನ್ನು ಕತ್ತರಿಯಿಂದ ಚೂರು ಕತ್ತರಿಸಿ ಅಗಲ ಮಾಡಿದಳು. ಲೋಳೆ ಅದರೊಳಗೆ ಹುಳುವಿನ ಗತಿಯಲ್ಲೇ ಏರತೊಡಗಿತು.

"ಅಷ್ಟೊತ್ತು ಯಾಕೆ ಒದ್ದಾಡ್ತೀಯ? ಕುದಿಯೋ ನೀರಲ್ಲಿ ಸ್ವಲ್ಪ ಇಡು, ತೆಳ್ಳಗಾಗುತ್ತೆ."

ನಾದಿನಿಯ ಕೈ ನಿಂತಿತು. "ಅವತ್ತು ನೀವು ಹಾಗೇ ಮಾಡಿದ್ರಾ ಅತ್ತಿಗೆ?"

ಹೂಂ ಅಂದಮೇಲೆ ಕೋಶದಮ್ಮನಿಗೆ ಹೊಳೆಯಿತು. ಬೆಂದ ಮೊಟ್ಟೆ ಮರಿಯಾಗದು. ಬೆಂದ ಲೋಳೆಗೆ ಎಲ್ಲಿಯ ಗುಣ? ಮಗುವಿನ ಗಂಜಿ ಬಾಟಲಿಯಲ್ಲಿ ಗಟ್ಟಿಯಾದಾಗ ಬಿಸಿನೀರಲ್ಲಿಟ್ಟು ಸಡಿಲಿಸುವ ಕೈ, ಇಲ್ಲೂ ತನ್ನಷ್ಟಕ್ಕೆ ಅದೇ ಕೆಲಸ ಮಾಡಿತ್ತು.

"ಮೇಡಂಗೆ ಹೇಳೋದೇನೂ ಬೇಡ," ಎಂದಳು ನಾದಿನಿ ಮೆಲ್ಲಗೆ. "ನಮ್ಮಲ್ಲೇ ಇರಲಿ."

ಆಡಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಈ ದೊಡ್ಡತನವನ್ನು ನುಂಗುವುದು ಹೇಗೆ? ಕೈಗುಣದ ಜೊತೆಗೆ ಒಳ್ಳೆಯತನವೂ ಅವಳ ಪಾಲಿಗೇ ಹೋಗಬೇಕೆ? ಕೋಶದಮ್ಮ ಎದ್ದು ನೇರ ಮೇಡಂ ಕೋಣೆಗೆ ನಡೆದಳು.

"ಅವಳ ಕೈಗುಣ ಅಲ್ಲ ಮೇಡಂ. ನಾನು ಲೋಳೆ ಬೇಯಿಸಿಬಿಟ್ಟಿದ್ದೆ."

ಮೇಡಂ ಬೈಯಲಿಲ್ಲ. ಹಾಗಾದರೆ ಹಸಿ ಲೋಳೆಯನ್ನು ರೋಗವಿಲ್ಲದ ಕೋಶಗಳ ಮೇಲೂ ಹಾಕಿಬಿಡಿ ಎಂದರಷ್ಟೆ. ಹಾಕಿದರು. ಅವೂ ಸತ್ತವು, ಅಷ್ಟೇ ಸುಲಭವಾಗಿ. ಕಳ್ಳನನ್ನೂ ಮನೆಯವರನ್ನೂ ಒಟ್ಟಿಗೆ ಹೊಡೆಯುವ ಔಷಧಿ ಯಾರಿಗೆ ಬೇಕು? ಮೇಡಂ ಲೋಳೆಯನ್ನು ಕೈಬಿಟ್ಟರು.

ನಾದಿನಿ ಮನೆ ಸೇರಿದ್ದೇ ಅತ್ತುಬಿಟ್ಟಳು. ಅತ್ತೆ ಅವಳ ತಲೆ ಸವರಿದರು. ಗಂಡ ತಾನೇ ಚಹಾ ಮಾಡಿ ತಂಗಿಗೆ ಕೊಟ್ಟ. ಮಗು ತೆವಳಿಕೊಂಡು ಹೋಗಿ ಅವಳ ಮಡಿಲೇರಿತು. ಗೆದ್ದರೂ ಅವಳದೇ ಮನೆ, ಸೋತರೂ ಅವಳದೇ ಮನೆ ಎಂದುಕೊಂಡಳು ಕೋಶದಮ್ಮ. ತನ್ನ ತಪ್ಪನ್ನು ತಾನೇ ಹೇಳಿಕೊಂಡವಳಿಗೆ ಒಂದು ಲೋಟ ನೀರು ಕೊಡುವವರಿರಲಿಲ್ಲ.

ಕೊನೆಗೆ ಅತ್ತೆಗೆ ಸೊಸೆಯ ನೆನಪಾಯಿತು. "ನಿಂದೇನಾಯ್ತಮ್ಮ?"

"ನನ್ನ ಕೋಶಗಳೆಲ್ಲ ಚೆನ್ನಾಗಿ ಬದುಕಿವೆ ಅತ್ತೆ."

ಅಳುತ್ತಿದ್ದ ನಾದಿನಿ ಕಿಸಕ್ಕೆಂದು ನಕ್ಕಳು. ನೀರು ತುಂಬಿದ ಕಣ್ಣಲ್ಲಿ ಆ ನಗು ಚೆಂದ ಕಾಣುತ್ತಿತ್ತು. ಕೋಶದಮ್ಮನಿಗೆ ಅದನ್ನೂ ಸಹಿಸಲಾಗಲಿಲ್ಲ.