ಜ್ವರದ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವಿರಾ?

ಬೆಳಿಗ್ಗೆ ಮನೆಗೆ ಬೀಗ ಹಾಕುವಾಗ ಹತ್ತಿದ ಚಿಂತೆ ಆಫೀಸಿನ ಕುರ್ಚಿಯಲ್ಲಿ ಕೂತ ಮೇಲೂ ಪುಟ್ಟಿಯ ಅಮ್ಮನನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದಾಗಲೇ ಮಗುವಿನ ಹಣೆ ಬಿಸಿಯಿತ್ತು. ಸುಡುವಷ್ಟಲ್ಲ, ಆದರೆ ಇರಬೇಕಾದದ್ದಕ್ಕಿಂತ ಹೆಚ್ಚು. ಅಂಗೈ ಇಟ್ಟು ನೋಡಿದಳು, ತನ್ನ ಕೆನ್ನೆ ತಾಗಿಸಿ ನೋಡಿದಳು, ಥರ್ಮಾಮೀಟರ್ ಮಾತ್ರ ತೆಗೆಯಲಿಲ್ಲ. ತೆಗೆದರೆ ಅದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದಲ್ಲ!

"ಹಲ್ಲು ಬರ್ತಿರಬೇಕು ಕಣೇ," ಎಂದ ಗಂಡ, ಬೂಟಿನ ದಾರ ಕಟ್ಟುತ್ತ.

"ಬರೋ ಹಲ್ಲೆಲ್ಲ ಬಂದಾಗಿದೆ ರೀ."

"ಹಾಗಾದ್ರೆ ರಜ ಹಾಕು."

"ನೀವೇ ಹಾಕಿ."

ಇಬ್ಬರೂ ಹಾಕಲಿಲ್ಲ. ಅವನದು ಗೋದಾಮಿನ ಕೆಲಸ, ಹೋಗದ ದಿನ ಕೂಲಿಯಿಲ್ಲ. ಅವಳದು ಫೋನಿನಲ್ಲಿ ಸಮೀಕ್ಷೆ ಮಾಡುವ ಗುತ್ತಿಗೆ ಕೆಲಸ. ಈ ತಿಂಗಳು ಇನ್ನೊಂದು ರಜ ಹಾಕಿದರೆ ಮುಂದಿನ ಸಮೀಕ್ಷೆಗೆ ಕರೆಯುವುದಿಲ್ಲ ಎಂದು ಮೇಲ್ವಿಚಾರಕಿ ಮುಖಕ್ಕೆ ಹೊಡೆದ ಹಾಗೆ ಹೇಳಿಯಾಗಿತ್ತು. ಕೊನೆಗೆ ಪುಟ್ಟಿಗೆ ಜ್ವರದ ಔಷಧಿ ಕುಡಿಸಿ, ಬಾಯಿ ಒರೆಸಿ, ದೊಡ್ಡಕ್ಕನ ಮನೆಯಲ್ಲಿ ಬಿಟ್ಟು ಬಂದಳು. ದೊಡ್ಡಕ್ಕ ನೆಂಟಳೇನಲ್ಲ; ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ತನ್ನ ಹಜಾರದಲ್ಲಿ ನೋಡಿಕೊಳ್ಳುವ ಹೆಂಗಸು. "ರಾತ್ರಿ ಚೆನ್ನಾಗಿ ಮಲಗಿದ್ಳಾ?" ಎಂದು ಆಕೆ ಕೇಳಿದ್ದಕ್ಕೆ "ಹೂಂ ಅಕ್ಕಾ, ಆರಾಮ" ಎಂದವಳೇ ಮೆಟ್ಟಿಲಿಳಿದಿದ್ದಳು.

ದಿನವಿಡೀ ಅವಳು ಊರಿನವರಿಗೆ ಫೋನ್ ಮಾಡಿ ಕೇಳುತ್ತಿದ್ದದ್ದೂ ಇಂಥದನ್ನೇ. ಹೊಸ ಬಗೆಯ ಫ್ಲೂ ಜ್ವರ ದೇಶದಿಂದ ದೇಶಕ್ಕೆ ಹಬ್ಬಿದರೆ ಜನ ಏನು ಮಾಡುತ್ತಾರೆ, ಅವರಿಗೆ ಏನೇನು ಗೊತ್ತು, ಎಷ್ಟು ಹೆದರಿಕೆ, ಯಾರ ಮಾತನ್ನು ನಂಬುತ್ತಾರೆ ಎಂದು ಅಳೆಯುವ ಸಮೀಕ್ಷೆ. ಕಿಟಕಿಯಿಲ್ಲದ ಹಾಲ್, ಮೊಣಕೈ ತಾಗುವಷ್ಟು ಇಕ್ಕಟ್ಟಾದ ಗೂಡುಗಳು, ತಲೆಗೆ ಹೆಡ್‌ಫೋನ್. ನಂಬರನ್ನು ಕಂಪ್ಯೂಟರೇ ಆರಿಸಿ ಹಚ್ಚುತ್ತದೆ. ಪರದೆಯ ಮೇಲಿರುವುದನ್ನು ಅಕ್ಷರ ಬಿಡದೆ ಓದಬೇಕು. ಬುದ್ಧಿ ಹೇಳುವಂತಿಲ್ಲ, "ಅಯ್ಯೋ" ಅನ್ನುವಂತಿಲ್ಲ, ತಪ್ಪು ತಿದ್ದುವಂತಿಲ್ಲ. ತಿದ್ದಿದರೆ ಅಳತೆ ಕೆಟ್ಟಿತು. ಸ್ವಂತ ಮೊಬೈಲನ್ನು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿಟ್ಟೇ ಒಳಗೆ ಬರಬೇಕು. ಮೇಲ್ವಿಚಾರಕಿ ಯಾರ ಕರೆಯೊಳಗೆ ಬೇಕಾದರೂ ನುಸುಳಿ ಕೇಳಿಸಿಕೊಳ್ಳುತ್ತಾಳೆ. ಹುಡುಗಿಯರು ಅವಳ ಬೆನ್ನ ಹಿಂದೆ ಅವಳಿಗಿಟ್ಟ ಹೆಸರು ‘ಕಿವಿ’.

ಪುಟ್ಟಿಯ ಅಮ್ಮ ಹುಟ್ಟಾ ಹೆದರುಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ಓಡಿ ಬರುವವಳು. ಕಾಲೇಜಿನಲ್ಲಿ ಚೆನ್ನಾಗಿಯೇ ಓದುತ್ತಿದ್ದಳು. ಮದುವೆ, ಬಸಿರು, ಬಾಣಂತನ ಅಂತ ಓದು ಅರ್ಧಕ್ಕೇ ನಿಂತಿತು. ಈ ಸಮೀಕ್ಷೆಯ ಸರಿಯುತ್ತರಗಳೆಲ್ಲ ಅವಳಿಗೆ ಬಾಯಿಪಾಠ. ಆ ಕಡೆಯವರು "ಕೈ ತೊಳೆದ್ರೇನು ಬಿಟ್ರೇನು" ಎಂದಾಗ ತುಟಿ ಕಚ್ಚಿಕೊಂಡು ಗುಂಡಿ ಒತ್ತುತ್ತಿದ್ದಳು.

ಊಟದ ನಂತರದ ಒಂದು ಕರೆ.

"ಹಲೋ, ಯಾರು? ಏಯ್, ಅವನ ಕೂದಲು ಬಿಡೋ! ಹಲೋ?"

ಆ ದನಿ ಅವಳಿಗೆ ಗೊತ್ತಿದ್ದದ್ದೇ. ದೊಡ್ಡಕ್ಕ.

ಪರಿಚಯದವರು ಸಿಕ್ಕರೆ ಕರೆಯನ್ನು ಕೂಡಲೇ ಬೇರೆಯವರಿಗೆ ದಾಟಿಸಬೇಕು ಎಂಬುದು ನಿಯಮ. ಪಕ್ಕದ ಗೂಡಿನವಳಿಗೆ ಒಮ್ಮೆ ಸ್ವಂತ ಅತ್ತೆಯೇ ಸಿಕ್ಕಿ, ಮನೆಯಲ್ಲಿ ಎಷ್ಟು ಜನ ಎಂದರೆ ಸೊಸೆಯನ್ನು ಬಿಟ್ಟು ಎಣಿಸಿದ್ದರಂತೆ. ಪುಟ್ಟಿಯ ಅಮ್ಮನ ಬೆರಳು ದಾಟಿಸುವ ಗುಂಡಿಯ ಮೇಲೇ ಇತ್ತು. ಆದರೆ ಆ ಗಲಾಟೆಯಲ್ಲಿ ಎಲ್ಲಾದರೂ ಮಗಳ ದನಿ ಕೇಳೀತೇನೋ ಎಂಬ ಆಸೆ. ಒತ್ತಲಿಲ್ಲ. ತರಬೇತಿಯಲ್ಲಿ ಕಲಿಸಿದ ನಯವಾದ ದನಿ ತೆಗೆದು, ನೀವು ಹೇಳಿದ್ದೆಲ್ಲ ಗುಟ್ಟಾಗಿರುತ್ತದೆ ಎಂದು ಓದಿ, ಶುರುಮಾಡಿಯೇಬಿಟ್ಟಳು.

"‘ಫ್ಲೂ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ.’ ಇದನ್ನು ಪೂರ್ತಿ ಒಪ್ಪುತ್ತೀರಾ, ಸ್ವಲ್ಪ ಒಪ್ಪುತ್ತೀರಾ, ಸ್ವಲ್ಪವೂ..."

"ಬಟ್ಟೆ ಅಂಗಡಿಯವನ ಹಾಗೆ ಒಂದೊಂದೇ ಬಿಚ್ಚಿ ತೋರಿಸ್ತೀಯಲ್ಲಮ್ಮಾ! ಹರಡತ್ತೆ. ಬರ್ಕೋ."

"‘ಜ್ವರದ ಮಗುವನ್ನು ಬೇರೆ ಮಕ್ಕಳ ಜೊತೆ ಬಿಡದೆ ಮನೆಯಲ್ಲೇ ಇಟ್ಟುಕೊಳ್ಳುವಿರಾ?’"

ದೊಡ್ಡಕ್ಕ ಗಟ್ಟಿಯಾಗಿ ನಕ್ಕಳು. "ನನ್ನನ್ನೇನು ಕೇಳ್ತೀಯ, ಆ ಅಮ್ಮಂದಿರನ್ನ ಕೇಳು! ಔಷಧಿ ಹೊಯ್ದು ತಂದು ಬಿಟ್ಟು ಹೋಗ್ತಾರೆ. ಇವತ್ತೂ ಒಂದು ಮಲಗಿದೆ ನೋಡು, ಮೈ ಮತ್ತೆ ಕಾದಿದೆ. ಬೆಳಿಗ್ಗೆ ಎತ್ಕೊಂಡಾಗ್ಲೇ ಬಾಯಲ್ಲಿ ಔಷಧಿ ವಾಸನೆ. ಆ ತಾಯಿಯೋ, ಲೋಟ ಬಿಸಿನೀರಲ್ಲಿ ತೊಳೆದ್ರಾ ಅಕ್ಕಾ ಅಂತ ದಿನಾ ನನ್ನ ಪ್ರಾಣ ತಿಂತಾಳೆ!"

ಲೋಟದ ಮಾತು ದಿನಾ ಕೇಳುವವಳು ಪುಟ್ಟಿಯ ಅಮ್ಮನೇ. ಪರದೆಯ ಮೇಲೆ ಹೌದು, ಇಲ್ಲ, ಹೇಳಲಾರೆ ಎಂಬ ಮೂರು ಚೌಕಗಳು ಅವಳನ್ನೇ ನೋಡುತ್ತ ನಿಂತಿದ್ದವು. ಅಲ್ಲಿ ಇಲ್ಲದ್ದೊಂದು ಪ್ರಶ್ನೆ ಬಾಯಿಂದ ಜಾರಿತು.

"ಉಳಿದ ಮಕ್ಕಳನ್ನ ದೂರ ಮಲಗಿಸಿದ್ದೀರಾ?"

"ಇರೋದೊಂದು ಹಜಾರ, ಎಲ್ಲಿ ಅಂತ ಮಲಗಿಸ್ಲಿ? ಪಕ್ಕದಲ್ಲೇ ಒಂದು ಹಸುಗೂಸೂ ಇದೆ. ಇನ್ನೂ ಕತ್ತು ನಿಂತಿಲ್ಲ."

ಹೆಡ್‌ಫೋನಿನಲ್ಲಿ ಟಕ್ ಎಂಬ ಸದ್ದು. ಆಮೇಲೆ ಅವಳಿಗಷ್ಟೇ ಕೇಳುವಂತೆ ಮೇಲ್ವಿಚಾರಕಿಯ ದನಿ: "ಇರೋದನ್ನ ಓದು."

ಓದಿದಳು. "‘ಹತ್ತಿರದಲ್ಲಿ ಯಾರಿಗಾದರೂ ಜ್ವರವಿರುವುದು ತಿಳಿದರೆ ಸಂಬಂಧಪಟ್ಟವರಿಗೆ ತಿಳಿಸುವಿರಾ?’"

ದೊಡ್ಡಕ್ಕನ ನಗು ಇಳಿಯಿತು. "ಆ ಮಗೂನ ತಾಯಿಗೆ ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರಬೇಕು. ಉಳಿದ ತಾಯಂದಿರಿಗೆ ಹೇಳಿದ್ರೆ ನಾಳೆಯಿಂದ ನನ್ನ ಮನೆ ಖಾಲಿ. ಅದಕ್ಕೇ ಬಾಯಿ ಮುಚ್ಕೊಂಡು ಕೂತಿದೀನಿ. ಗುಟ್ಟಾಗಿರತ್ತೆ ಅಂದೆಯಲ್ಲಾ, ನಿನ್ನ ಹತ್ರ ಹೇಳ್ದೆ."

ಇನ್ನೂ ಲಸಿಕೆಯ ಪ್ರಶ್ನೆಗಳಿದ್ದವು. ಸರ್ಕಾರವನ್ನು ನಂಬುತ್ತೀರಾ, ಡಾಕ್ಟರನ್ನು ನಂಬುತ್ತೀರಾ, ಪೇಪರನ್ನು ನಂಬುತ್ತೀರಾ. ಒಂದನ್ನೂ ಬಿಡದೆ ಕೇಳಿದಳು. ನಡುವೆ ದೂರದಲ್ಲೊಂದು ಮಗು ನರಳಿದ್ದು ಕೇಳಿಸಿತು. ಅದು ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೈಯಾಡಿಸಲು ಎಟುಕದ ಮಗುವಿನ ನರಳಾಟ ಕೇಳುತ್ತ, "ನಿಮ್ಮ ಅಮೂಲ್ಯ ಸಮಯಕ್ಕೆ ಧನ್ಯವಾದಗಳು" ಎಂದಳು. ಕರೆ ಮುಗಿಯಿತು. ಕಂಪ್ಯೂಟರ್ ಉಸಿರಾಡಲೂ ಬಿಡದೆ ಮುಂದಿನ ನಂಬರ್ ಹಚ್ಚಿತು.

ಅವಳು ಹೆಡ್‌ಫೋನ್ ಕಳಚಿ ಎದ್ದಳು. ಗೂಡಿನ ಬಾಯಿಗೆ ಅಡ್ಡವಾಗಿ ಮೇಲ್ವಿಚಾರಕಿ ನಿಂತಿದ್ದಳು.

"ಎಲ್ಲಿಗೆ?"

"ಮಗೂಗೆ ಜ್ವರ ಮೇಡಂ. ಹೋಗಬೇಕು."

"ಮೊಬೈಲ್ ಪೆಟ್ಟಿಗೇಲಿದೆ. ಈಗ ನಿಂಗೆ ಯಾರು ಹೇಳಿದ್ರು?"

ಕರೆಯಲ್ಲಿ ತಿಳಿಯಿತು ಎಂದರೆ, ಗುಟ್ಟಾಗಿರುತ್ತದೆ ಎಂದು ದೊಡ್ಡಕ್ಕನಿಗೆ ಕೊಟ್ಟ ಮಾತು ಹೋಯಿತು. ಸುಮ್ಮನೆ ಕೂತರೆ ಆ ಹಸುಗೂಸಿನ ಮುಖ ಕಣ್ಣೆದುರಿನಿಂದ ಹೋಗುವುದಿಲ್ಲ. ಆ ಹಜಾರದಲ್ಲಿ ಅದು ಪುಟ್ಟಿಯ ಬಟ್ಟೆಯ ತುದಿ ಚೀಪುತ್ತ ಮಲಗುವುದನ್ನು ಅವಳೇ ಎಷ್ಟು ಸಲ ನೋಡಿಲ್ಲ!

"ಬೆಳಿಗ್ಗೇನೇ ಗೊತ್ತಿತ್ತು," ಎಂದಳು.

ಪಕ್ಕದ ಗೂಡಿನವಳು ಪ್ರಶ್ನೆ ಓದುವುದನ್ನು ನಿಲ್ಲಿಸಿ ತಿರುಗಿ ನೋಡಿದಳು. ಮೇಲ್ವಿಚಾರಕಿ ಅವಳಿಗೆ ಓದು ಎಂದು ಕೈಸನ್ನೆ ಮಾಡಿ ಇತ್ತ ತಿರುಗಿದಳು.

"ಗೊತ್ತಿದ್ದೂ ಬಿಟ್ಟು ಬಂದ್ಯಾ? ಈಗ ಎದ್ದು ಹೋದ್ರೆ ನಾನು ಏನೂ ಮಾಡೋಕಾಗಲ್ಲ. ಆಮೇಲೆ ನನ್ನ ಅನ್ನಬೇಡ."

"ಅನ್ನಲ್ಲ ಮೇಡಂ."

ಪೆಟ್ಟಿಗೆಯಿಂದ ಮೊಬೈಲ್ ತೆಗೆದುಕೊಂಡು ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿದಳು. ದೊಡ್ಡಕ್ಕನ ನಂಬರ್ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಆ ಹಸುಗೂಸಿನ ತಾಯಿ ಬಾಯಿಗೆ ಬಂದ ಹಾಗೆ ಬೈಯಬಹುದು. ದೊಡ್ಡಕ್ಕ ಪುಟ್ಟಿಯನ್ನು ಇನ್ನು ಸೇರಿಸಿಕೊಳ್ಳದೇ ಇರಬಹುದು. ಆಗ ಬೇರೆ ಕೆಲಸ ಸಿಕ್ಕರೂ ಮಗುವನ್ನು ಎಲ್ಲಿ ಬಿಡುವುದು? ಯಾವ ಕಡೆ ತಿರುಗಿದರೂ ಗೋಡೆ. ಹಚ್ಚಿದಳು.

"ಹೇಳಮ್ಮಾ," ಎಂದಳು ದೊಡ್ಡಕ್ಕ, ಎಚ್ಚರದಿಂದ. "ಏನು, ಇಷ್ಟು ಬೇಗ ಫೋನು?"

"ಅಕ್ಕಾ, ಪುಟ್ಟಿಗೆ ಬೆಳಿಗ್ಗೆನೇ ಜ್ವರ ಇತ್ತು. ಔಷಧಿ ಕುಡಿಸಿ, ಆರಾಮ ಅಂತ ನಿಮಗೆ ಸುಳ್ಳು ಹೇಳ್ದೆ. ಈಗ ಬರ್ತಿದೀನಿ. ಅಷ್ಟರಲ್ಲಿ ದಿನಾ ಅವಳ ಬಟ್ಟೆ ಚೀಪ್ತಾ ಮಲಗೋ ಆ ಪಾಪೂನ ಅವಳ ಪಕ್ಕದಿಂದ ಎತ್ಕೊಂಡುಬಿಡಿ. ಮತ್ತೆ ಎಲ್ಲ ಅಮ್ಮಂದಿರಿಗೂ ಫೋನ್ ಮಾಡಿ ಅಕ್ಕಾ. ತಪ್ಪು ನಿಮ್ಮದಲ್ಲ, ನನ್ನದು ಅಂತಲೇ ಹೇಳಿ."